ಒರಿಜಿನಲ್ ಇದೆಯಾ ಸಾರ್?

ನನ್ನ ಡಿಎಲ್, ಅಂದರೆ ಡ್ರೈವಿಂಗ್ ಲೈಸೆನ್ಸ್ ಕಾರ್ಡಿನಲ್ಲಿರುವ ಮನುಷ್ಯನಿಗೆ ತಲೆತುಂಬ ಕೂದಲಿದೆ. ಕಣ್ಣಲ್ಲಿ ಮಾತ್ರ, ಪಕ್ಕದ ಮನೆಯ ಹಲಸಿನಹಣ್ಣು ಕದ್ದು ಸಿಕ್ಕಿಬಿದ್ದವನ ದಿಗಿಲು. ಪರೀಕ್ಷೆಗೆ ಗಾಡಿಯಲ್ಲಿ ಎಂಟು ಹೊಡೆದು ಇಳಿದ ಬೆವರು ಆರುವ ಮೊದಲೇ ‘ಇಲ್ಲಿ ನೋಡಿ’ ಎಂದು ಕ್ಲಿಕ್ಕಿಸಿದ ಫಲ ಅದು. ಹಳೆಯ ಲೆಕ್ಕದಲ್ಲಿ ಲೈಸೆನ್ಸಿಗೆ 20 ವರ್ಷ ಆಯುಸ್ಸು, ಇಲ್ಲವೇ 50 ತುಂಬುವವರೆಗೆ, ಯಾವುದು ಮೊದಲೋ ಅದು. ಅಷ್ಟೂ ವರ್ಷ ಆ ಕಳ್ಳನನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗಿದ್ದೇನೆ.

ಅಪ್ಪನದು ಕಾರ್ಡಲ್ಲ, ಪುಸ್ತಕ. ಅಂಚು ಸವೆದು, ಮಡಿಕೆಯಲ್ಲಿ ಬಿಟ್ಟುಕೊಂಡು, ಅರ್ಧ ಮುಖದ ಮೇಲೆ ನೇರಳೆ ಸೀಲು ಹೊತ್ತ ಪುಸ್ತಕ. ಅದರ ಪ್ಲಾಸ್ಟಿಕ್ ಹೊದಿಕೆಯೊಳಗೆ ಧರ್ಮಸ್ಥಳದ ಕುಂಕುಮದ ಪೊಟ್ಟಣ, ಪೆಟ್ರೋಲ್ ಚೀಟಿ, ತುರ್ತಿಗೆಂದು ನಾಲ್ಕು ಮಡಿಕೆಯ ನೂರರ ನೋಟು. ತಪಾಸಣೆಗೆ ಗಾಡಿ ನಿಲ್ಲಿಸಿದರೆ ಇಡೀ ಸಂಸಾರವೇ ಹೊರಗೆ ಬರುತ್ತಿತ್ತು.

ಈಗ ಅದೆಲ್ಲ ಫೋನಿನೊಳಗೆ ಇಳಿದಿದೆ. 2015ರಲ್ಲಿ ದಾಖಲೆಗಳನ್ನು ಫೋನಿನಲ್ಲೇ ಇಟ್ಟುಕೊಳ್ಳುವ ಸರ್ಕಾರಿ ಪೆಟ್ಟಿಗೆ ಡಿಜಿಲಾಕರ್ ಬಂತು, ಮರುವರ್ಷ ಲೈಸೆನ್ಸೂ ಆರ್‌ಸಿಯೂ ಅದರೊಳಗೆ ಸೇರಿದವು. ಆದರೂ ರಸ್ತೆಯಲ್ಲಿ ‘ಒರಿಜಿನಲ್ ಇದೆಯಾ?’ ಎಂಬ ಪ್ರಶ್ನೆ ನಿಲ್ಲಲಿಲ್ಲ. 2018ರ ಆಗಸ್ಟಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ, ಡಿಜಿಲಾಕರ್ ಮತ್ತು ತನ್ನದೇ ಆ್ಯಪ್ ಎಂಪರಿವಾಹನ್‌ನಲ್ಲಿರುವುದನ್ನೂ ಒರಿಜಿನಲ್ ಅಂತಲೇ ಒಪ್ಪಿ ಎಂದು ರಾಜ್ಯಗಳಿಗೆ ಬರೆಯಿತು. ನವೆಂಬರ್‌ನಲ್ಲಿ ಅದಕ್ಕೆಂದೇ ಮೋಟಾರು ವಾಹನ ನಿಯಮಗಳ 139ನೆಯದನ್ನೇ ತಿದ್ದಿತು. ಪಕ್ಕದ ಕೇರಳವಂತೂ 2024ರಲ್ಲಿ ಕಾರ್ಡು ಮುದ್ರಿಸುವ ಗೊಡವೆಯೇ ಬೇಡ ಎನ್ನುವ ಹಾದಿ ಹಿಡಿಯಿತು. ಕಾರ್ಡನ್ನು ಫೋಟೋ ಹೊಡೆದು ಗ್ಯಾಲರಿಯಲ್ಲಿ ಇಟ್ಟುಕೊಂಡರೆ ಮಾತ್ರ ಆಗುವುದಿಲ್ಲ. ಅದು ಜೆರಾಕ್ಸಿನ ತಮ್ಮ ಅಷ್ಟೇ.

ಸರಿ, ನಾನೂ ಇಳಿಸಿಕೊಳ್ಳೋಣ ಎಂದು ಕೂತೆ. ಓಟಿಪಿ ಬಂತು, ನಂಬರು ಕುಟ್ಟಿದೆ. ‘ಆಧಾರ್ ಜೊತೆ ಹೆಸರು ಹೊಂದುತ್ತಿಲ್ಲ’ ಎಂದಿತು ಫೋನು. ತಪ್ಪು ಅದರದ್ದಲ್ಲ, ನಮ್ಮ ಇನಿಶಿಯಲ್ಲುಗಳದ್ದು. ನನ್ನ ಹೆಸರಿನ ಮುಂದಿನ ಎಚ್ ಅಂದರೆ ಊರು, ಎಸ್ ಅಂದರೆ ಅಪ್ಪ. ಲೈಸೆನ್ಸಿನಲ್ಲಿ ಇಬ್ಬರೂ ಚುಟುಕಾಗಿ ಮುಂದಿನ ಸೀಟಿನಲ್ಲೇ ಕೂತಿದ್ದಾರೆ. ಆಧಾರ್‌ನಲ್ಲಿ ಅಪ್ಪ ಪೂರ್ತಿ ಹೆಸರು ಹೇಳಿಕೊಂಡು ಹಿಂದಿನ ಸೀಟಿಗೆ ಹೋಗಿದ್ದಾರೆ, ಊರಿಗೆ ಬಸ್ಸೇ ತಪ್ಪಿಹೋಗಿದೆ. ಸರ್‌ನೇಮು ಎಂಬ ಖಾನೆ ಮಾಡಿದವರಿಗೆ ಊರನ್ನೇ ಹೆಸರಿನ ಮುಂದೆ ಕಟ್ಟಿಕೊಂಡು ಓಡಾಡುವ ಜನ ಇದ್ದಾರೆಂದು ಯಾರೂ ಹೇಳಿರಲಿಕ್ಕಿಲ್ಲ. ಆಧಾರ್ ಕೇಂದ್ರದಲ್ಲಿ ಟೋಕನ್ ಹಿಡಿದು ಅರ್ಧ ದಿನ ಕೂತು ಊರನ್ನು ಮತ್ತೆ ಹತ್ತಿಸಿಕೊಂಡ ಮೇಲೆಯೇ ಲೈಸೆನ್ಸು ಫೋನಿಗೆ ಇಳಿದದ್ದು. ತೆರೆದು ನೋಡಿದರೆ ಅದೇ ಹಲಸಿನಹಣ್ಣಿನ ಕಳ್ಳ. ಅವನಿಗೊಂದು ಕ್ಯೂಆರ್ ಕೋಡ್ ಬೇರೆ.

ಮೊದಲ ಪರೀಕ್ಷೆ ಒಂದು ಸಂಜೆ ಸಿಗ್ನಲ್ ದಾಟಿದ ಕೂಡಲೇ ಬಂತು. ‘ಸೈಡಿಗೆ ಹಾಕಿ.’ ಹಾಕಿದೆ. ಕಾರ್ಡಾದರೆ ಕೊಟ್ಟು ಕೈಕಟ್ಟಿ ನಿಲ್ಲಬಹುದು. ಫೋನನ್ನು ಹಾಗೆ ಕೊಡಲು ಕೈ ಬರುವುದಿಲ್ಲ. ಎರಡೂ ಕೈಯಲ್ಲಿ ಆರತಿ ತಟ್ಟೆಯಂತೆ ಹಿಡಿದುಕೊಂಡೆ. ಕಾನ್‌ಸ್ಟೇಬಲ್ ಬಗ್ಗಿ ನೋಡುತ್ತಿರುವಾಗಲೇ ಲೈಸೆನ್ಸಿನ ನೆತ್ತಿಯ ಮೇಲೆ ಮೆಸೇಜೊಂದು ಇಳಿಯಿತು. ಅವರು ಓದಿ ಹೇಳಿದರು: ‘ಮನೆಯವರು ಕೊತ್ತಂಬರಿ ಸೊಪ್ಪು ತರಬೇಕಂತೆ ಸಾರ್. ಹೋಗಿ.’

ಮೊದಲೆಲ್ಲ ತಪ್ಪು ಮಾಡಿದರೆ ಡಿಎಲ್ ಕಿತ್ತಿಟ್ಟುಕೊಳ್ಳುವುದಿತ್ತು. ಈಗ ಹಾಗೆ ಹಿಡಿದಿಡಬೇಕಾಗಿಯೂ ಇಲ್ಲ, ಇ-ಚಲನ್‌ನಲ್ಲಿ ಗುರುತು ಹಾಕಿದರೆ ಸಾಕು. ಲೈಸೆನ್ಸು ಜೇಬಿನಲ್ಲೇ ಇದ್ದು ಜಪ್ತಿಯಾಗಿರುತ್ತದೆ!

ಇಷ್ಟೆಲ್ಲ ಪಳಗಿ, ಕಾರ್ಡನ್ನು ಮನೆಯ ಬೀರುವಿನಲ್ಲಿ ಬಿಟ್ಟು ಗೋಕರ್ಣಕ್ಕೆ ಹೋದೆವು. ಬಾಡಿಗೆ ಸ್ಕೂಟರಿನ ಅಂಗಡಿಯ ಹುಡುಗನ ಮುಂದೆ ಠೀವಿಯಿಂದ ಫೋನು ಹಿಡಿದೆ.

‘ಒರಿಜಿನಲ್ ಇದೆಯಾ ಸಾರ್?’

‘ಇದೇ ಒರಿಜಿನಲ್ಲಪ್ಪ. ಗವರ್ನಮೆಂಟೇ ಹೇಳಿದೆ.’

‘ಗವರ್ನಮೆಂಟಿಗೆ ಸ್ಕೂಟರ್ ವಾಪಸ್ ಬರ್ಬೇಕು ಅಂತ ಇಲ್ಲ ಮಾರಾಯ್ರೆ. ನಂಗೆ ಬರ್ಬೇಕು. ಇಲ್ಲಿ ಇಟ್ಟು ಹೋಗೋಕೆ ಏನಾದ್ರೂ ಬೇಕಲ್ಲ. ಕಾರ್ಡ್ ಇಲ್ದಿದ್ರೆ ಫೋನೇ ಇಟ್ಟು ಹೋಗಿ.’

‘ಫೋನ್ ಇಟ್ಟರೆ ನಾನು ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗಾಗಲ್ವಾ?’

ಹುಡುಗ ಒಂದು ಗಳಿಗೆ ಯೋಚಿಸಿದ. ‘ಅದೂ ಹೌದು’ ಎಂದ. ಆದರೆ ಕೀ ಕೊಡಲಿಲ್ಲ.

ಅಷ್ಟರಲ್ಲಿ ನನ್ನ ಹೆಂಡತಿ, ಡಿಜಿಟಲ್ಲಿನ ಮೇಲೆ ಎಂದೂ ನಂಬಿಕೆಯಿಡದವಳು, ಪರ್ಸು ತೆಗೆದು ತನ್ನ ಕಾರ್ಡನ್ನು ಮೇಜಿನ ಮೇಲಿಟ್ಟಳು. ಗಾಡಿ ನಾನೇ ಓಡಿಸಿದೆ. ಆದರೆ ಲೈಸೆನ್ಸು ಅಡವಿಟ್ಟವಳು ಅವಳಾದ್ದರಿಂದ, ಓಂ ಬೀಚಿನವರೆಗೂ ಪ್ರತಿ ತಿರುವಿನಲ್ಲಿ ಹಾರ್ನು ಎಲ್ಲಿ, ಬ್ರೇಕು ಎಲ್ಲಿ ಎಂಬುದನ್ನು ಹಿಂದಿನ ಸೀಟೇ ತೀರ್ಮಾನಿಸಿತು.