ಓದಿದವರ ಓಟು, ಓದದವರ ಓಟು

ಚುನಾವಣೆ ಫಲಿತಾಂಶ ಬಂದ ಎರಡು ದಿನಕ್ಕೆ ವಾಟ್ಸಾಪ್‌ನಲ್ಲಿ ಒಂದು ನಕ್ಷೆ ಓಡಾಡಲು ಶುರುವಾಗುತ್ತದೆ. ಸಾಕ್ಷರತೆ ಜಾಸ್ತಿ ಇರುವ ಜಿಲ್ಲೆಗಳು ಒಂದು ಬಣ್ಣ, ಕಡಿಮೆ ಇರುವವು ಇನ್ನೊಂದು ಬಣ್ಣ. ಕೆಳಗೆ ಒಂದು ಸಾಲು: "ಯಾರು ಯಾರಿಗೆ ಓಟು ಹಾಕ್ತಾರೆ ಅಂತ ನೀವೇ ನೋಡ್ಕೊಳ್ಳಿ."

ಬಿಜೆಪಿ ಕಡೆಯವರು ಕಳಿಸಿದ್ದಾದರೆ ಅದರಲ್ಲಿ ದಕ್ಷಿಣ ಕನ್ನಡ, ಉಡುಪಿ ಒಂದು ಕಡೆ, ರಾಯಚೂರು, ಯಾದಗಿರಿ ಇನ್ನೊಂದು ಕಡೆ. 2011ರ ಜನಗಣತಿ ಪ್ರಕಾರ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88ರ ಮೇಲೆ, ಯಾದಗಿರಿಯದು ಶೇ. 52ರ ಹತ್ತಿರ. 2023ರಲ್ಲಿ ಉಡುಪಿಯ ಐದಕ್ಕೆ ಐದೂ ಕ್ಷೇತ್ರ ಬಿಜೆಪಿಗೆ ಹೋದವು. 2024ರಲ್ಲಿ ಕಲ್ಯಾಣ ಕರ್ನಾಟಕದ ಐದೂ ಲೋಕಸಭಾ ಕ್ಷೇತ್ರ ಕಾಂಗ್ರೆಸ್‌ಗೆ ಹೋದವು. ಕಾಂಗ್ರೆಸ್ ಕಡೆಯವರ ನಕ್ಷೆ ಇದಕ್ಕಿಂತ ದೊಡ್ಡದು, ಇಡೀ ದೇಶದ್ದು. ಅದರಲ್ಲಿ ಕೇರಳ ಒಂದು ಕಡೆ, ಬಿಹಾರ, ಉತ್ತರ ಪ್ರದೇಶ ಇನ್ನೊಂದು ಕಡೆ. "ಓದಿದ ಕೇರಳದಲ್ಲಿ ಬಿಜೆಪಿಗೆ ಮೊದಲ ಲೋಕಸಭಾ ಸೀಟು ಸಿಗಲು 2024ರ ತನಕ ಕಾಯಬೇಕಾಯ್ತು" ಅನ್ನುವುದು ಅವರ ಸಾಲು. ಎರಡೂ ಕಡೆಯ ಅಂಕಿಗಳು ನಿಜ. ತಮಾಷೆ ಏನೆಂದರೆ ಎರಡೂ ಕಡೆಯವರು ಒಂದೇ ಮಾತು ಹೇಳುತ್ತಿದ್ದಾರೆ: ನಮ್ಮವರು ತಿಳಿದು ಹಾಕುತ್ತಾರೆ, ನಿಮ್ಮವರು ತಿಳಿಯದೆ ಹಾಕುತ್ತಾರೆ.

ಮಂಗಳೂರಿನಿಂದ ದಕ್ಷಿಣಕ್ಕೆ ಹೊರಟು ತಲಪಾಡಿ ದಾಟಿದರೆ ಕಾಸರಗೋಡು. ಅಲ್ಲಿನ ಸಾಕ್ಷರತೆ ಶೇ. 90ರ ಆಸುಪಾಸು. ಗಡಿಯ ಎರಡೂ ಕಡೆ ತುಳು ಇದೆ, ಬ್ಯಾರಿ ಇದೆ, ಕನ್ನಡ ಶಾಲೆಗಳಿವೆ. ಈ ಕಡೆಯ ಲೋಕಸಭಾ ಕ್ಷೇತ್ರ 1991ರಿಂದ ಬಿಜೆಪಿ ಕೈಯಲ್ಲಿದೆ. ಆ ಕಡೆಯದು ಬಹಳ ಕಾಲ ಸಿಪಿಎಂ ಕೋಟೆಯಾಗಿತ್ತು, 2019ರಿಂದ ಕಾಂಗ್ರೆಸ್‌ನದು. ಗಡಿಗೆ ಅಂಟಿಕೊಂಡಿರುವ ಮಂಜೇಶ್ವರದಲ್ಲಿ 2016ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿ ಅಭ್ಯರ್ಥಿ ಮುಸ್ಲಿಂ ಲೀಗ್ ಎದುರು ಸೋತಿದ್ದು ಬರೀ 89 ಮತದಿಂದ. ಒಂದೇ ಊರಿನ ಓದಿದ ಜನ ಮೂರು ಪಾಲಾಗಿ ಹಂಚಿಹೋಗಿದ್ದರು. ಆ 89 ಮತದಲ್ಲಿ ಎಸ್ಸೆಸ್ಸೆಲ್ಸಿ ಎಷ್ಟು, ಎಂಎ ಎಷ್ಟು ಅಂತ ಯಾವ ನಕ್ಷೆ ಹೇಳುತ್ತದೆ?

ಇನ್ನೂ ಸ್ವಲ್ಪ ಹಿಂದಕ್ಕೆ ಹೋಗಿ. 1977ರಿಂದ 1991ರ ತನಕ ಮಂಗಳೂರನ್ನು ಗೆದ್ದುಕೊಂಡು ಬಂದವರು ಕಾಂಗ್ರೆಸ್‌ನ ಜನಾರ್ದನ ಪೂಜಾರಿ. ಇಂದಿರಾ ಗಾಂಧಿ ಕಾಲದಲ್ಲಿ ಕೇಂದ್ರದ ಹಣಕಾಸು ಇಲಾಖೆಯಲ್ಲಿದ್ದಾಗ ಸಾಲ ಮೇಳ ಮಾಡಿ ಬ್ಯಾಂಕಿನವರ ನಿದ್ದೆ ಕೆಡಿಸಿದ್ದು ಇವರೇ. ಬ್ಯಾಂಕುಗಳೇ ಹುಟ್ಟಿದ ಜಿಲ್ಲೆ ಅದು. ಆಗಲೂ ಅಲ್ಲಿನ ಜನ ರಾಜ್ಯದ ಬೇರೆಯವರಿಗಿಂತ ಮುಂದೆ ಓದಿದ್ದರು. ಆಗ ಅವರು ತಿಳಿದು ಓಟು ಹಾಕುತ್ತಿದ್ದರೋ, ತಿಳಿಯದೆಯೋ? ಇದನ್ನು ಫ್ಯಾಮಿಲಿ ಗ್ರೂಪಲ್ಲಿ ಕೇಳಿದೆ. ಎರಡು ಥಂಬ್ಸ್ ಅಪ್ ಬಂತು, ಉತ್ತರ ಬರಲಿಲ್ಲ.

ಸುಮ್ನೆ ಒಂದು ವಿಷಯ ಹೇಳಿಬಿಡುತ್ತೇನೆ. ಏಳು ವರ್ಷ ದಾಟಿದವರು ಯಾವುದಾದರೂ ಒಂದು ಭಾಷೆಯನ್ನು ಅರ್ಥವಾಗುವಂತೆ ಓದಿ ಬರೆದರೆ ಸಾಕು, ಜನಗಣತಿಯಲ್ಲಿ ಅವರು ಸಾಕ್ಷರರು. ಡಿಗ್ರಿಗೂ ಅದಕ್ಕೂ ಸಂಬಂಧ ಇಲ್ಲ. ಜಿಲ್ಲೆಯ ಸರಾಸರಿ ತೋರಿಸಿ ಆ ಜಿಲ್ಲೆಯ ಒಬ್ಬೊಬ್ಬ ಮತದಾರನ ತಲೆ ಅಳೆಯುವುದಂತೂ ಲೆಕ್ಕದಲ್ಲೇ ತಪ್ಪು. ಅಮೆರಿಕದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಮಿಸಿಸಿಪ್ಪಿ ಅಲ್ಲಿನ ಬಡ ರಾಜ್ಯಗಳಲ್ಲೊಂದು, ಪ್ರತಿ ಸಲ ಗೆಲ್ಲುವುದು ರಿಪಬ್ಲಿಕನ್ ಪಕ್ಷ. ಹಾಗಂತ ಅಲ್ಲಿನ ಬಡವರು ರಿಪಬ್ಲಿಕನ್ ಅಂದುಕೊಂಡರೆ ಎಡವಿದಿರಿ. ಅಲ್ಲಿ ಬಡತನ ಜಾಸ್ತಿ ಇರುವುದು ಕಪ್ಪು ಜನರಲ್ಲಿ, ಅವರಲ್ಲಿ ಬಹುಪಾಲು ಜನ ಓಟು ಹಾಕುವುದು ಡೆಮಾಕ್ರಟಿಕ್ ಪಕ್ಷಕ್ಕೆ.

ನ್ಯೂಜೆರ್ಸಿಯಲ್ಲಿರುವ ನಮ್ಮ ದೊಡ್ಡಮ್ಮನ ಮಗ ಅಲ್ಲಿ ಡೆಮಾಕ್ರಟಿಕ್ ಪಕ್ಷದವನು. "ಡಿಗ್ರಿ ಇರೋರೆಲ್ಲ ನಮ್ಮ ಕಡೆ ಕಣೋ" ಅಂತಾನೆ. ಇಲ್ಲಿನ ರಾಜಕೀಯಕ್ಕೆ ಬಂದರೆ ಅವನು ಬಿಜೆಪಿ, ಮಾತು ಮಾತ್ರ ಅದೇ. 2016ರಲ್ಲಿ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ ಆಯ್ಕೆಯ ಸುತ್ತಿನಲ್ಲಿ ನೆವಾಡಾ ಗೆದ್ದ ರಾತ್ರಿ ಟ್ರಂಪ್ "ಕಡಿಮೆ ಓದಿದವರನ್ನು ಕಂಡರೆ ನನಗೆ ಪ್ರೀತಿ" ಎಂದು ಹೇಳಿದಾಗ ಇವನು ಬಿದ್ದು ಬಿದ್ದು ನಕ್ಕಿದ್ದ. ಆ ಮನುಷ್ಯ ಎರಡು ಸಲ ಅಧ್ಯಕ್ಷನಾದ. ತಮ್ಮನ್ನು ಹೀಗಳೆಯುವವರು ಯಾರು, ಹತ್ತಿರ ಕರೆಯುವವರು ಯಾರು ಅನ್ನುವುದು ಓದದವರಿಗೂ ಚೆನ್ನಾಗಿ ತಿಳಿಯುತ್ತದೆ.

ಡಿಗ್ರಿ ಇದ್ದವರಿಗೆ ಮಾತ್ರ ಓಟು ಕೊಟ್ಟರೆ ಹೇಗಿರುತ್ತದೆ ಅಂತ ನಮ್ಮ ಸ್ಟಾಫ್ ರೂಮಿನಲ್ಲೂ ಆಗಾಗ ಚರ್ಚೆ ನಡೆಯುತ್ತದೆ. ಅದನ್ನು ಊಹಿಸಿಕೊಳ್ಳಬೇಕಾಗಿಲ್ಲ, ನಮ್ಮಲ್ಲೇ ಇದೆ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರರ ಕ್ಷೇತ್ರದವು. ಡಿಗ್ರಿ ಮುಗಿಸಿ ಮೂರು ವರ್ಷ ಆಗಿರಬೇಕು, ಫಾರಂ 18 ತುಂಬಿ ಹೆಸರು ಸೇರಿಸಬೇಕು. ನಾನು ಕಾಲೇಜು ಮೇಷ್ಟ್ರು, ಒಮ್ಮೆ ಇದರ ಎಣಿಕೆ ಡ್ಯೂಟಿಗೆ ಹೋಗಿದ್ದೆ. ಇಲ್ಲಿ ಇವಿಎಂ ಇಲ್ಲ, ಕಾಗದದ ಮತಪತ್ರ. ಬೂತಿನಲ್ಲೇ ನೇರಳೆ ಬಣ್ಣದ ಸ್ಕೆಚ್ ಪೆನ್ ಕೊಡುತ್ತಾರೆ. ಮೆಚ್ಚಿದ ಅಭ್ಯರ್ಥಿಯ ಮುಂದೆ 1 ಅಂತ ಬರೆಯಬೇಕು, ಬೇಕಿದ್ದರೆ ಮುಂದಿನವರಿಗೆ 2, 3. ಅಷ್ಟೇ ಕೆಲಸ. ನಮ್ಮ ಟೇಬಲ್ಲಿಗೆ ಬಂದ ಕಟ್ಟು ಬಿಚ್ಚಿದರೆ ಒಬ್ಬರು ಟಿಕ್ ಹಾಕಿದ್ದಾರೆ. ಇನ್ನೊಬ್ಬರು ಇಬ್ಬರಿಗೆ 1 ಕೊಟ್ಟಿದ್ದಾರೆ. ಒಬ್ಬರು ಅಕ್ಷರದಲ್ಲಿ "ಒಂದು" ಅಂತ ಬರೆದಿದ್ದಾರೆ. ಮತ್ತೊಬ್ಬರು ಬ್ಯಾಂಕ್ ಚೆಕ್ಕಿಗೆ ಹಾಕುವ ಹಾಗೆ ಕೆಳಗೆ ಸಹಿ ಮಾಡಿದ್ದಾರೆ, ತುಂಬಾ ಅಂದವಾದ ಸಹಿ. ಎಲ್ಲವೂ ಅಸಿಂಧು. ಪಕ್ಕದಲ್ಲಿದ್ದ ಎಫ್‌ಡಿಎ ಹುಡುಗಿ ಮೆಲ್ಲಗೆ "ಸಾರ್, ಇವ್ರೆಲ್ಲ ನಿಜವಾಗ್ಲೂ ಪಾಸಾಗಿದ್ದಾರಾ?" ಅಂದಳು. ನನ್ನ ಸ್ಟೂಡೆಂಟುಗಳೂ ಇರಬಹುದು ಅನ್ನಿಸಿ ನಾನು ಬಾಯಿ ಬಿಡಲಿಲ್ಲ. ಈ ಚುನಾವಣೆಗಳಲ್ಲಿ ಸಾವಿರಗಟ್ಟಲೆ ಮತ ಹೀಗೆ ಕಸದ ಪಾಲಾಗುತ್ತವೆ. (ಇವಿಎಂನಲ್ಲಿ ಈ ಥರ ತಪ್ಪು ಮಾಡಲು ಜಾಗವೇ ಇಲ್ಲ, ಆದ್ದರಿಂದ ಹೋಲಿಕೆ ಪೂರ್ತಿ ನ್ಯಾಯವಲ್ಲ. ಒಪ್ಪುತ್ತೇನೆ.)

ಪದವೀಧರರು ಗೆಲ್ಲಿಸಿದ್ದು ಯಾರನ್ನು? 2024ರ ಜೂನ್ 4ಕ್ಕೆ ಲೋಕಸಭೆ ಫಲಿತಾಂಶ ಬಂತು. ಬೆಂಗಳೂರಿನ ಉತ್ತರ, ಕೇಂದ್ರ, ದಕ್ಷಿಣ, ಗ್ರಾಮಾಂತರ ನಾಲ್ಕೂ ಬಿಜೆಪಿಗೆ. "ಐಟಿ ಸಿಟಿ, ಓದಿದವರ ಸಿಟಿ" ಅಂತ ಸ್ಟೇಟಸ್‌ಗಳು ಹಾರಾಡಿದವು. ಅದೇ ವಾರ ಬೆಂಗಳೂರು ಪದವೀಧರರ ಕ್ಷೇತ್ರದ ಎಣಿಕೆ ನಡೆಯಿತು. ಅಲ್ಲಿ ಗೆದ್ದವರು ಕಾಂಗ್ರೆಸ್‌ನ ರಾಮೋಜಿ ಗೌಡ. ಆ ಸ್ಟೇಟಸ್‌ಗಳನ್ನು ಯಾರೂ ತೆಗೆಯಲಿಲ್ಲ, ಹೊಸದನ್ನೂ ಹಾಕಲಿಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ಓದಿನ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಹೋಗಿ ನಿಲ್ಲುವುದು "ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಅವರಿಗೆ ಬಿಟ್ಟಿ ಭಾಗ್ಯ" ಅನ್ನುವಲ್ಲಿಗೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಹೆಂಗಸರಿಗೆ ತಿಂಗಳಿಗೆ ಎರಡು ಸಾವಿರ, ಫ್ರೀ ಬಸ್ಸು ಅಂತೆಲ್ಲ ಗ್ಯಾರಂಟಿ ಕೊಟ್ಟು ಕಾಂಗ್ರೆಸ್ 135 ಸೀಟು ಗೆದ್ದಾಗ ನಾನು ಈ ಮಾತು ಕೇಳದ ದಿನವಿಲ್ಲ. ತಿಂಗಳಿಗೆ ಎರಡು ಸಾವಿರಕ್ಕೆ ಓಟು ಮಾರಿಕೊಂಡರು, ಫ್ರೀ ಬಸ್ಸಿಗೆ ಮಾರಿಕೊಂಡರು ಅಂತ. ಸರಿ. ಮುಂದಿನ ವರ್ಷ ಅದೇ ಹೆಂಗಸರು ಅದೇ ಎರಡು ಸಾವಿರ ತೆಗೆದುಕೊಂಡು, ಅದೇ ಬಸ್ಸಿನಲ್ಲಿ ಓಡಾಡಿಕೊಂಡಿದ್ದರು. ಲೋಕಸಭೆಯಲ್ಲಿ ಕಾಂಗ್ರೆಸ್‌ಗೆ ಸಿಕ್ಕಿದ್ದು 28ರಲ್ಲಿ 9. ಬಿಜೆಪಿಗೆ 17, ಜೆಡಿಎಸ್‌ಗೆ 2. ಮಾರಿಕೊಂಡವರು ಹೀಗೆ ಮಾಡುತ್ತಾರಾ? ಈ ಸಲ ಕಾಂಗ್ರೆಸ್‌ನವರ ಸರದಿ. "ಉಂಡ ಮನೆಗೆ ದ್ರೋಹ" ಅಂದರು ಕೆಲವರು, ಸರ್ಕಾರದ ದುಡ್ಡು ಪಕ್ಷದ ಮನೆಯ ಊಟ ಅನ್ನುವ ಹಾಗೆ. ವಿಧಾನಸೌಧಕ್ಕೆ ಒಬ್ಬರು, ದೆಹಲಿಗೆ ಇನ್ನೊಬ್ಬರು ಅಂತ ಬೇರೆ ಬೇರೆ ಲೆಕ್ಕ ಹಾಕಿದ ಜನರನ್ನು ಎರಡೂ ಕಡೆಯವರು ಸೇರಿ ದಡ್ಡರು ಮಾಡಿದರು.

2023ರಲ್ಲಿ ಬಡವರು ಜಾಸ್ತಿ ಕಾಂಗ್ರೆಸ್ ಕಡೆ ವಾಲಿದ್ದು ನಿಜವೇ ಇರಬಹುದು, ಅದರಲ್ಲಿ ಗ್ಯಾರಂಟಿಯ ಪಾಲೂ ಇರಬಹುದು. ಅದರಲ್ಲೇನು ತಪ್ಪು? ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸಿಗೆ ಬಸ್ ಚಾರ್ಜು ಉಳಿದರೆ ಅದು ಅವಳ ಸ್ವಾರ್ಥ. 2025ರ ಫೆಬ್ರವರಿ 1ರಂದು ಹನ್ನೆರಡು ಲಕ್ಷದ ತನಕ ಇನ್‌ಕಂ ಟ್ಯಾಕ್ಸ್ ಇಲ್ಲ ಅಂತ ಬಜೆಟ್‌ನಲ್ಲಿ ಹೇಳಿದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಮೈಸೂರು ಪಾಕ್ ಹಂಚಿದ್ದು ಮಾತ್ರ ದೇಶದ ಪ್ರಗತಿ. ನಾಲ್ಕು ದಿನ ಬಿಟ್ಟು ದೆಹಲಿಯಲ್ಲಿ ಮತದಾನ ಇತ್ತು ಅನ್ನುವುದನ್ನು ನಾನು ನೆನಪಿಸಲು ಹೋಗಲಿಲ್ಲ, ಮೈಸೂರು ಪಾಕ್ ಚೆನ್ನಾಗಿತ್ತು.

ಇನ್ನು ಟ್ಯಾಕ್ಸ್ ಕಟ್ಟುವವರು ನಾವು ಮಾತ್ರ ಅನ್ನುವ ಜಂಬ. ಸೋಪು, ಪೇಸ್ಟು, ಚಪ್ಪಲಿ, ಮೊಬೈಲ್ ಕರೆನ್ಸಿ, ಯಾವುದಕ್ಕೆ ಜಿಎಸ್‌ಟಿ ಇಲ್ಲ? 2023-24ರ ರಾಜ್ಯ ಬಜೆಟ್‌ನಲ್ಲಿ ಅಬಕಾರಿಯಿಂದ ಬರಬೇಕಾದ ಆದಾಯ ಅಂತ ಇಟ್ಟುಕೊಂಡಿದ್ದು 36,000 ಕೋಟಿ. ಸಂಜೆ ಬಾರಿನ ಕೌಂಟರಿನಲ್ಲಿ ನಿಂತು ನೈಂಟಿ ಹಾಕುವ ಗಾರೆ ಕೆಲಸದವನು ಕಟ್ಟಿದ ದುಡ್ಡೂ ಅದರಲ್ಲಿದೆ. ಅವನ ಹೆಂಡತಿಗೆ ಬರುವ ಎರಡು ಸಾವಿರ ಅವನದೇ ಜೇಬಿನದು ಅಂತ ಹೇಳಿದರೆ ಪೂರ್ತಿ ಸುಳ್ಳೇನಲ್ಲ.

ಗ್ಯಾರಂಟಿಗಳನ್ನು ಟೀಕಿಸಬಾರದು ಅನ್ನುತ್ತಿಲ್ಲ. ವರ್ಷಕ್ಕೆ 50,000 ಕೋಟಿ ದಾಟುವ ಖರ್ಚು ಅದು. ರಸ್ತೆಗೆ, ಶಾಲೆಗೆ, ಆಸ್ಪತ್ರೆಗೆ ಏನು ಉಳಿಯುತ್ತದೆ ಅಂತ ಕೇಳಲೇಬೇಕು, ನಾನೂ ಕೇಳುತ್ತೇನೆ. ಆದರೆ 2023ರಲ್ಲಿ ವರ್ಷಕ್ಕೆ ಮೂರು ಉಚಿತ ಸಿಲಿಂಡರ್, ದಿನಾ ಅರ್ಧ ಲೀಟರ್ ನಂದಿನಿ ಹಾಲು ಅಂತ ಪ್ರಣಾಳಿಕೆಯಲ್ಲಿ ಬರೆದಿದ್ದು ಬಿಜೆಪಿ. ಆ ಪಕ್ಷದ ಬೆಂಬಲಿಗರು ಬಿಟ್ಟಿ ಅನ್ನುವ ಮೊದಲು ಅದನ್ನೊಮ್ಮೆ ತೆಗೆದು ನೋಡಲಿ. ಯೋಜನೆಯನ್ನು ಬೈಯಿರಿ, ಸರ್ಕಾರವನ್ನು ಬೈಯಿರಿ. ಫಲಾನುಭವಿಯ ಓಟನ್ನು ಯಾಕೆ ಬೈಯುತ್ತೀರಿ?

1951-52ರಲ್ಲಿ ಮೊದಲ ಮಹಾಚುನಾವಣೆ ನಡೆದಾಗ ದೇಶದ ಸಾಕ್ಷರತೆ ಶೇ. 18ರ ಹತ್ತಿರ ಇತ್ತು. ಬ್ರಿಟಿಷರ ಕಾಲದಲ್ಲಿ ಆಸ್ತಿ, ಕಂದಾಯ, ಓದು ನೋಡಿ ಓಟು ಕೊಡುತ್ತಿದ್ದರು. ಸಂವಿಧಾನ ಅದನ್ನು ಒಂದೇ ಏಟಿಗೆ ಕಿತ್ತೆಸೆಯಿತು. ಓದಲು ಬಾರದವರಿಗೆ ಅಂತ ಅಭ್ಯರ್ಥಿಗೊಂದು ಪೆಟ್ಟಿಗೆ ಇಟ್ಟು ಅದರ ಮೇಲೆ ಚಿಹ್ನೆ ಅಂಟಿಸಿದರು. ಇವತ್ತು ಡಿಗ್ರಿ ತೋರಿಸಿ ಮಾತಾಡುವ ನಮ್ಮಲ್ಲಿ ಎಷ್ಟೋ ಜನರ ಅಜ್ಜಿಯರು ಆ ಚಿಹ್ನೆ ನೋಡಿಯೇ ಓಟು ಹಾಕಿದ್ದು.

ಇಷ್ಟಾದರೂ ಓದಿದವರ ಓಟು ಬೇರೆ ತೂಕದ್ದು ಅನ್ನುವವರು ಮೊದಲು ಅದನ್ನು ಹಾಕಬೇಕಲ್ವಾ? 2024ರಲ್ಲಿ ಮಂಡ್ಯದಲ್ಲಿ ಶೇ. 81ರಷ್ಟು ಜನ ಮತ ಹಾಕಿದರು. ಬೆಂಗಳೂರು ದಕ್ಷಿಣದಲ್ಲಿ ಶೇ. 53. ಅದರ ಹಿಂದಿನ ವರ್ಷ ಅದೇ ಬೆಂಗಳೂರು ದಕ್ಷಿಣದೊಳಗಿನ ಜಯನಗರದಲ್ಲಿ ಮರು ಎಣಿಕೆ ಆಗಿ, ಮಧ್ಯರಾತ್ರಿ ಹತ್ತಿರ ಫಲಿತಾಂಶ ಬಂತು. ಕಾಂಗ್ರೆಸ್‌ನ ಸೌಮ್ಯಾ ರೆಡ್ಡಿ ವಿರುದ್ಧ ಬಿಜೆಪಿಯ ಸಿ.ಕೆ. ರಾಮಮೂರ್ತಿ ಗೆದ್ದಿದ್ದು 16 ಮತದಿಂದ. ಒಂದು ಅಪಾರ್ಟ್‌ಮೆಂಟಿನ ಒಂದೇ ಫ್ಲೋರಿನವರು ಅಷ್ಟಿರುತ್ತಾರೆ.