ಹಾಡು ಬೇಕು, ಹಾಡುವವರ ಕಾರು ಬೇಡ

ನ್ಯೂಯಾರ್ಕಿನಲ್ಲಿ ಕಪ್ಪು ಜನರ ಹಳೆಯ ಬಡಾವಣೆ ಹಾರ್ಲೆಮ್. ಇಲ್ಲಿನ ನಮ್ಮ ಕಟ್ಟಡದ ವಾಟ್ಸ್‌ಆಪ್ ಗುಂಪಿನಲ್ಲಿ ಇಂದು ಬೆಳಿಗ್ಗೆ ಮಹಾಶಯರೊಬ್ಬರು ಫೋಟೋ ಹಾಕಿದ್ದರು. ರಸ್ತೆಯಲ್ಲಿ ಎರಡನೆಯ ಸಾಲು ಹಿಡಿದು ನಿಂತ ಕಾರುಗಳು. ಕೆಳಗೆ ದೂರು: ಪ್ರತಿ ಭಾನುವಾರವೂ ಇದೇ ಗೋಳು, ಆ ಚರ್ಚಿನವರಿಗೆ ಹೇಳುವವರೇ ಇಲ್ಲವೇ? ಇದೇ ಮಹಾಶಯರು ಕಳೆದ ತಿಂಗಳು ತಮ್ಮ ನೆಂಟರನ್ನು ಇದೇ ಚರ್ಚಿಗೆ ಗಾಸ್ಪೆಲ್ ಎಂಬ ಕಪ್ಪು ಜನರ ಭಕ್ತಿಗೀತೆ ಕೇಳಿಸಲು ಕರೆದೊಯ್ದು, ವಿಡಿಯೊ ಹಂಚಿ, 'ಮೈ ಜುಮ್ಮೆಂದಿತು' ಎಂದು ಬರೆದಿದ್ದರು.

ಆ ಕಾರುಗಳು ಎಲ್ಲಿಂದ ಬರುತ್ತವೆ, ಸ್ವಾಮಿ? ನದಿಯಾಚೆಯ ಬ್ರಾಂಕ್ಸ್‌ನಿಂದ, ಪಕ್ಕದ ರಾಜ್ಯ ನ್ಯೂಜೆರ್ಸಿಯಿಂದ. ಅವುಗಳಿಂದ ದೊಡ್ಡ ಟೋಪಿ ಸರಿಪಡಿಸಿಕೊಳ್ಳುತ್ತಾ ಇಳಿಯುವ ಅಜ್ಜಿಯರಲ್ಲಿ ಎಷ್ಟೋ ಜನ ಹಾರ್ಲೆಮ್‌ನ ಇದೇ ಬೀದಿಗಳಲ್ಲಿ ಬೆಳೆದವರು, ನಡೆದೇ ಚರ್ಚಿಗೆ ಬರುತ್ತಿದ್ದವರು. ಬಾಡಿಗೆ ಏರಿತು, ಅವರು ಹೊರಬಿದ್ದರು, ನಾವು ಬಂದೆವು. ಅವರು ಬಿಟ್ಟ ಜಾಗದಲ್ಲಿ ಕುಳಿತು ಅವರ ಕಾರಿಗೆ ಜಾಗವಿಲ್ಲ ಎನ್ನುತ್ತಿದ್ದೇವೆ!

ಕಪ್ಪು ಜನರ ಚರ್ಚು ಎಂದರೆ ಬರೀ ಭಾನುವಾರದ ಹಾಡಲ್ಲ. ಇಲ್ಲಿನ ಅಬಿಸೀನಿಯನ್ ಬ್ಯಾಪ್ಟಿಸ್ಟ್ ಚರ್ಚನ್ನೇ ನೋಡಿ. ಬಿಳಿಯರ ಚರ್ಚಿನಲ್ಲಿ ಬೇರೆ ಕೂರಿಸಿದ್ದನ್ನು ಸಹಿಸದೆ ಹೊರನಡೆದವರು 1808ರಲ್ಲಿ ಕಟ್ಟಿದ್ದು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಹಸಿದವರಿಗೆ ಊಟ ಹಾಕಿತು. ಅದರ ಪಾದ್ರಿ ಆಡಂ ಕ್ಲೇಟನ್ ಪವೆಲ್ ಜೂನಿಯರ್ 1945ರಲ್ಲಿ ಅಮೆರಿಕದ ಸಂಸತ್ತಿಗೆ ಹೋದರು. 1989ರಲ್ಲಿ ಅದರದೇ ಅಭಿವೃದ್ಧಿ ಸಂಸ್ಥೆ ಹುಟ್ಟಿ ಮನೆಗಳನ್ನು ಕಟ್ಟಿತು. ಈಗ ನಮ್ಮ ಗುಂಪಿಗೆ ಕಾಣುವುದು ಪಾರ್ಕಿಂಗ್ ಮಾತ್ರ.

ಕಾಲ ಬದಲಾಗಿದೆ, ಯುವಕರು ಚರ್ಚಿಗೆ ಬರುವುದಿಲ್ಲ, ಕಟ್ಟಡ ಮಾರಿದರೆ ತಪ್ಪೇನು ಎಂದು ಕೇಳುವವರಿದ್ದಾರೆ. ಯುವಕರು ಕಡಿಮೆಯಾಗಿರುವುದು ನಿಜ. ಒಳ್ಳೆಯ ಬೆಲೆ ಬಂದಾಗ ಮಾರಿದ ಚರ್ಚುಗಳೂ ಇವೆ, ಅದೂ ನಿಜ. ಆದರೆ ಜನ ಎದ್ದು ಹೋದದ್ದಲ್ಲ, ಎಬ್ಬಿಸಿ ಕಳಿಸಿದ್ದು. ಹಳೆಯ ಕಪ್ಪು ಚರ್ಚುಗಳನ್ನು ಉಳಿಸಲು 2022ರಲ್ಲಿ 2 ಕೋಟಿ ಡಾಲರ್‌ಗಳ ಯೋಜನೆಯೊಂದು ಶುರುವಾಯಿತು. ಬಹಳ ಸಂತೋಷ. ಛಾವಣಿ ರಿಪೇರಿಯಾಗುತ್ತದೆ. ಅದರ ಕೆಳಗೆ ಕೂರುವವರಿಗೆ ಈ ಊರಿನಲ್ಲಿ ಮನೆ ಕೊಡುವವರು ಯಾರು? ತೇರಿಗೆ ಬಣ್ಣ ಹೊಡೆಸಿ, ಹಗ್ಗ ಹಿಡಿಯುವವರನ್ನು ಊರಾಚೆ ಇಟ್ಟ ಹಾಗಾಯಿತು.

ಇಷ್ಟೆಲ್ಲ ಹಾರಾಡುವ ನಾನು ಸಾಚಾ ಅಲ್ಲ. 2018ರಲ್ಲಿ ಇಲ್ಲಿಗೆ ಬಂದ ಹೊಸತರಲ್ಲಿ ಇದೇ ಕಾರುಗಳ ಮೇಲೆ ನಗರಪಾಲಿಕೆಗೆ ಫೋನ್ ಮಾಡಿ ದೂರು ಕೊಟ್ಟವನು ನಾನೇ. ಎರಡು ವರ್ಷದ ಮೇಲೆ ಕೊರೊನಾ ಬಂದು ಕೆಲಸ ಹೋದಾಗ ಅದೇ ಚರ್ಚಿನ ಸಾಲಿನಲ್ಲಿ ಮಾಸ್ಕ್ ಹಾಕಿಕೊಂಡು, ತಲೆ ತಗ್ಗಿಸಿ ನಿಂತಿದ್ದೆ. ಅಕ್ಕಿ, ಈರುಳ್ಳಿ, ರಾಜ್ಮಾ ಡಬ್ಬಿ ಕೊಟ್ಟರು. ಯಾವ ದೇವರು, ಯಾವ ವೀಸಾ ಎಂದು ಯಾರೂ ಕೇಳಲಿಲ್ಲ. ಅಪ್ಪ ಅಮ್ಮನಿಗೆ ಈವರೆಗೂ ಹೇಳಿಲ್ಲ, ಇಲ್ಲಿ ಓದಿದರೆ ಓದಲಿ.

ಗುಂಪಿನಲ್ಲಿ ಇದನ್ನೆಲ್ಲ ಬರೆಯುವ ಧೈರ್ಯ ಬರಲಿಲ್ಲ. ಭಾನುವಾರ ನೆಲಮಾಳಿಗೆಯಲ್ಲಿ ನನ್ನ ಪಾರ್ಕಿಂಗ್ ಜಾಗ ಖಾಲಿ ಇರುತ್ತದೆ, ಚರ್ಚಿನವರು ಯಾರಾದರೂ ನಿಲ್ಲಿಸಿಕೊಳ್ಳಲಿ ಎಂದಷ್ಟೇ ಹಾಕಿದೆ. ಇಷ್ಟು ಹೊತ್ತಿಗೆ ಒಂದು ಲೈಕ್ ಬಂದಿದೆ. ಅದೂ ನನ್ನ ಹೆಂಡತಿಯದು.