ಪ್ಯಾಕೆಟ್‌ನೊಳಗಿನ ಗಾಳಿಯ ಪರವಾಗಿ

ಚಿಪ್ಸ್ ಪ್ಯಾಕೆಟ್ ತುಂಬ ಬರೀ ಗಾಳಿ ಅಂತ ಎಲ್ಲರೂ ಬೈಯುತ್ತಾರೆ. ನಾನು ಆ ಗಾಳಿಯ ಪರ.

ಅದು ಸುಮ್ನೆ ತುಂಬಿದ್ದಲ್ಲ, ನೈಟ್ರೋಜನ್. ಕರಿದ ತಿಂಡಿಯನ್ನು ಕೆಡಿಸುವುದು ಆಮ್ಲಜನಕ. ಅದನ್ನು ಹೊರಗೆ ಹಾಕಿ ನೈಟ್ರೋಜನ್ ತುಂಬಿದರೆ ಎಣ್ಣೆ ಬೇಗ ಕಮಟು ಹಿಡಿಯುವುದಿಲ್ಲ. ಲಾರಿ ಘಾಟಿ ಹತ್ತಿ ಇಳಿದರೂ ಚಿಪ್ಸ್ ಪುಡಿಯಾಗುವುದಿಲ್ಲ. ಒಳಗಿನ ಬೆಳ್ಳಿ ಬಣ್ಣವೂ ಶೋಕಿಗಲ್ಲ. ಪ್ಲಾಸ್ಟಿಕ್ ಹಾಳೆಗೆ ತೀರಾ ತೆಳ್ಳಗೆ ಅಲ್ಯೂಮಿನಿಯಂ ಬಳಿದಿರುತ್ತಾರೆ. ಬೆಳಕು, ತೇವ, ಆಮ್ಲಜನಕ ಮೂರನ್ನೂ ಅದು ತಡೆಯುತ್ತದೆ. ಆಷಾಢದಲ್ಲಿ ಹೊಸನಗರ, ತೀರ್ಥಹಳ್ಳಿ ಕಡೆ ಡಬ್ಬಿ ಮುಚ್ಚಲು ಮರೆತವರಿಗೆ ಇದರ ಬೆಲೆ ಗೊತ್ತು. ಕಾಫಿ ಕುಡಿದು ಏಳುವಷ್ಟರಲ್ಲಿ ಕರಿದ ಹಪ್ಪಳ ಮೆತ್ತಗೆ!

ನನ್ನ ತಕರಾರು ನಮ್ಮದೇ ಹಲಸಿನ ಚಿಪ್ಸ್ ಬಗ್ಗೆ. ಬೇಸಿಗೆಯಲ್ಲಿ ಸಾಗರದಲ್ಲಿ ಒಂದು ಪ್ಯಾಕೆಟ್ ತಗೊಂಡೆ. ಮುಂದೆ ಜೋಗದ ಫೋಟೋ, ಹಸಿರು ಕಾಡು, ಒಡೆದ ತೆಂಗಿನಕಾಯಿ, ಜೊತೆಗೆ 'ಅಜ್ಜಿಯ ಕೈರುಚಿ'. ಮಧ್ಯದಲ್ಲಿ ಚಿಪ್ಸ್ ಕಾಣಲಿ ಅಂತ ಒಂದು ಪಾರದರ್ಶಕ ಕಿಟಕಿ. ಹಿಂದೆ ತಿರುಗಿಸಿದರೆ ಹಲಸಿನಕಾಯಿ ಆದಮೇಲೆ ತಾಳೆ ಎಣ್ಣೆ. ತೂಕದಲ್ಲಿ ಜಾಸ್ತಿ ಇರುವುದನ್ನು ಮೊದಲು ಬರೆಯಬೇಕು ಅನ್ನುವುದು ನಿಯಮ, ಹಾಗಾಗಿ ಕರಿದಿದ್ದು ತಾಳೆ ಎಣ್ಣೆಯಲ್ಲಿ, ಮುಂದಿನ ತೆಂಗಿನಕಾಯಿ ಬರೀ ಅಲಂಕಾರಕ್ಕೆ. (ಯಾವ ಅಜ್ಜಿ ತಾಳೆ ಎಣ್ಣೆಯಲ್ಲಿ ಕರಿಯುತ್ತಿದ್ದಳೋ.) ತಯಾರಿಸಿದ ದಿನಾಂಕ ಬೆರಳು ತಾಗಿಸಿದರೆ ಅಳಿಸಿಹೋಗುವ ಶಾಯಿಯಲ್ಲಿತ್ತು. ಬಿಚ್ಚಿದ ಕೂಡಲೇ ಕಮಟು ವಾಸನೆ.

ಬಾರದೆ ಇರುತ್ತದಾ? ಆ ಪ್ಯಾಕೆಟ್ ತೆಳು ಪಾಲಿಥೀನಿನದು. ಅದು ತೇವವನ್ನು ಒಂದಷ್ಟು ತಡೆಯುತ್ತದೆ, ಆಮ್ಲಜನಕವನ್ನು ಆರಾಮಾಗಿ ಒಳಗೆ ಬಿಡುತ್ತದೆ. ಅದರ ಮೇಲೆ ಅಂಗಡಿಯವರು ಸಾಲಾಗಿ ಬಿಸಿಲಿಗೆ ನೇತುಹಾಕಿದ್ದರು. ಆ ಕಿಟಕಿಯಿಂದ ನಮಗೆ ಚಿಪ್ಸ್ ಕಾಣುತ್ತದೆ, ಚಿಪ್ಸಿಗೆ ಬಿಸಿಲು ಕಾಣುತ್ತದೆ. ದೊಡ್ಡ ಕಂಪನಿಗಳಿಂದ ನಮ್ಮವರು ಕದ್ದಿದ್ದು ಹೊರಗಿನ ಚಿತ್ರವನ್ನು. ಒಳಪದರವನ್ನು ಕದಿಯಬೇಕಿತ್ತು.

ಆ ಒಳಪದರ ಸಾಧು ಅಂತ ನಾನು ಹೇಳುತ್ತಿಲ್ಲ. ಅಂಟಿಸಿದ ಪದರಗಳನ್ನು ಬಿಡಿಸುವುದು ಕಷ್ಟ, ಗುಜರಿಯವನೂ ಮುಟ್ಟುವುದಿಲ್ಲ. ಕೊನೆಗೆ ಅದು ಹೋಗುವುದು ಬಚ್ಚಲ ಒಲೆಗೆ, ಇಲ್ಲವೇ ಹಳ್ಳ ಹಿಡಿದು ತುಂಗೆಗೆ. ಬಚ್ಚಲ ಒಲೆಗೆ ಪ್ಲಾಸ್ಟಿಕ್ ಹಾಕುವವರ ಜೊತೆ ಬೇರೆಯೇ ಜಗಳ ಇದೆ, ಇನ್ನೊಂದು ದಿನ ಆಡೋಣ.

ದೂರದ ಊರಿಗೆ ಕಳಿಸುವ ಮಾಲಿಗೆ ಆ ಪ್ಯಾಕೆಟ್ ಬೇಕು, ಒಪ್ಪುತ್ತೇನೆ. ನೈಟ್ರೋಜನ್ ತುಂಬುವ ಸಣ್ಣ ಯಂತ್ರಗಳೂ ಸಿಗುತ್ತವೆ, ಒಂದು ಸ್ತ್ರೀಶಕ್ತಿ ಸಂಘಕ್ಕೆ ಒಂದು ಸಾಕು. ಆದರೆ ಇಲ್ಲೇ ಮಾರುವುದಕ್ಕೆ ಅದೆಲ್ಲ ಯಾಕೆ? ಜೋನಿಬೆಲ್ಲವನ್ನು ಡಬ್ಬದಲ್ಲಿ, ಅಪ್ಪೆಮಿಡಿಯನ್ನು ಭರಣಿಯಲ್ಲಿ ವರ್ಷಗಟ್ಟಲೆ ಇಟ್ಟು ಗೊತ್ತಿರುವ ಜನ ನಾವು. ಚಿಪ್ಸನ್ನೂ ಬಿಗಿ ಮುಚ್ಚಳದ ತಗಡಿನ ಡಬ್ಬದಲ್ಲಿ ಕೊಡಿ. ಡಬ್ಬಕ್ಕೆ ಮುಂಗಡ ಇಟ್ಟುಕೊಳ್ಳಿ, ವಾಪಸ್ ತಂದರೆ ದುಡ್ಡು ವಾಪಸ್. ಕಾಲು ಕೆಜಿಗೆ ಹತ್ತು ರೂಪಾಯಿ ಜಾಸ್ತಿ ಕೇಳಿದರೂ ನಾನು ಕೊಡುತ್ತೇನೆ. ಜೋಗದ ಫೋಟೋ ಬೇಡ, ದಿನಾಂಕ ಮಾತ್ರ ಅಳಿಸದ ಶಾಯಿಯಲ್ಲಿ ಹಾಕಿ.